ಗ್ಯಾಲರಿ ಖಾಲಿ ಇದ್ದರೆ ಆಟವೂ ಸಪ್ಪೆ

ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಹುಬ್ಬಳ್ಳಿಯಿಂದ ಮಡಗಾಂವ್‌ಗೆ ಫುಟ್ಬಾಲ್ ನೋಡೋಕೆ ಹೋಗಿದ್ದೆವು. ಫಟೋರ್ಡಾ ಮೈದಾನದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ, ಸಂಜೆ ಏಳೂವರೆಗೆ ಶುರು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ರೈಲು ಹತ್ತಿದೆವು. ದೂಧಸಾಗರ ಬಂದಾಗ ಎಲ್ಲರ ಜೊತೆ ನಾವೂ ಬಾಗಿಲಿಗೆ ಹೋಗಿ ನಿಂತೆವು. ಪಂದ್ಯ ಮುಗಿದು ಹೊರಗೆ ಬಂದಾಗ ಒಂಬತ್ತೂವರೆ. ಆ ಹೊತ್ತಿಗೆ ವಾಪಸ್ ಬರೋ ಗಾಡಿ ಇರಲಿಲ್ಲ. ರಾತ್ರಿಯೆಲ್ಲ ಸ್ಟೇಷನ್ ಬೆಂಚಿನ ಮೇಲೆ ಕಳೆದು ಮರುದಿನ ಊರು ಸೇರಿದೆವು. ಆಮೇಲೆ ಕೂತು ಲೆಕ್ಕ ಹಾಕಿದೆವು. ರೈಲು, ಆಟೋ, ಊಟ, ಚಹಾ, ಎರಡು ದಿನದ ರಜೆ, ಇಷ್ಟರ ನಡುವೆ ಎಲ್ಲಕ್ಕಿಂತ ಅಗ್ಗ ಆಗಿದ್ದು ಪಂದ್ಯದ ಟಿಕೆಟ್!

ಟಿಕೆಟ್ ಅಗ್ಗ ಮಾಡಿದರೆ ಸಾಕು, ಜನ ತಾನಾಗಿ ಬರುತ್ತಾರೆ ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಜಾಸ್ತಿ ಕೇಳಿಬರುವುದು ಟಿಕೆಟ್ಟಿನ ಮಾತಲ್ಲ. ಗಿರ್ಮಿಟ್ ಅಂಗಡಿ ಮುಂದೆ ನಿಂತು ಫುಟ್ಬಾಲ್ ವಿಷಯ ತೆಗೆಯಿರಿ, ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಈಗಿನ ಆಟದಾಗ ಮಜಾನ ಇಲ್ಲ ಬಿಡೋ ದೋಸ್ತ." ಅಂದರೆ ಆಟ ಬೇಜಾರಾಯಿತು, ಅದಕ್ಕೆ ಮಂದಿ ಬರೋದು ಬಿಟ್ಟರು, ಅದಕ್ಕೆ ದುಡ್ಡು ನಿಂತಿತು. ಕೇಳೋಕೆ ಸರಿ ಅನಿಸುತ್ತದೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಈಗ ನನಗೆ ಇದು ಉಲ್ಟಾ ಅನಿಸುತ್ತದೆ. ಮೊದಲು ಗ್ಯಾಲರಿ ಖಾಲಿಯಾಗುತ್ತದೆ. ಅದಕ್ಕೆ ಕಾರಣ ಬಹಳ ಸಲ ಮೈದಾನದ ಹೊರಗೆ ಇರುತ್ತದೆ. ಆಮೇಲೆ ಅದೇ ಆಟ ಸಪ್ಪೆ ಅನಿಸೋಕೆ ಶುರುವಾಗುತ್ತದೆ. ಆಟದ ಮಜಾ ಅರ್ಧ ಮೈದಾನದಲ್ಲಿದ್ದರೆ ಇನ್ನರ್ಧ ಗ್ಯಾಲರಿಯಲ್ಲಿರುತ್ತದೆ. ಇದು ಸುಮ್ನೆ ಭಾವುಕ ಮಾತಲ್ಲ. ಹಳೆಯ ಅಂಕಿ ತೆಗೆದು ನೋಡಿದರೆ ಗೊತ್ತಾಗುತ್ತದೆ.

2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆ ವಿರುದ್ಧ ಆಡಿತು. 5-0 ಗೆಲುವು. ಸುನಿಲ್ ಛೆತ್ರಿ ಹ್ಯಾಟ್ರಿಕ್ ಹೊಡೆದರು. ಐದು ಗೋಲು, ನಾಯಕನ ಹ್ಯಾಟ್ರಿಕ್, ಅದೂ ನಮ್ಮ ದೇಶದ ತಂಡ. ಇದಕ್ಕಿಂತ ಮಜಾ ಇನ್ನೇನು ಬೇಕು? ನೋಡೋಕೆ ಬಂದವರು 2,569 ಜನ. ಮರುದಿನ ಛೆತ್ರಿ ಒಂದು ವಿಡಿಯೊ ಹಾಕಿದರು. ನಮ್ಮನ್ನು ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಎಂದು ಬೇಡಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ಟೆಲ್ಲ ಮಾರಿಹೋದವು. ಎರಡು-ಮೂರು ದಿನದಲ್ಲಿ ತಂಡದ ಆಟವೇನೂ ಬದಲಾಗಿರಲಿಲ್ಲ. ಅದೇ ಆಟಗಾರರು, ಅದೇ ಮೈದಾನ. ಆದರೆ ಈ ಸಲ ಒಬ್ಬರು ಬಂದು ಕರೆದಿದ್ದರು. ನಮ್ಮ ಕಡೆ ಮದುವೆಗೆ ಬರೇ ಪತ್ರಿಕೆ ಕಳಿಸಿದರೆ ಸಾಲದು, ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಬೇಕು ಅನ್ನುತ್ತಾರಲ್ಲ, ಹಾಗೆ.

ಇಂಗ್ಲೆಂಡಿನ ಕತೆ ಇನ್ನೂ ದೊಡ್ಡದು. 1948-49ರಲ್ಲಿ ಅಲ್ಲಿಯ ಲೀಗ್ ಪಂದ್ಯಗಳಿಗೆ ಬಂದವರು 4 ಕೋಟಿ 10 ಲಕ್ಷಕ್ಕೂ ಹೆಚ್ಚು. ಯುದ್ಧ ಮುಗಿದಿತ್ತು, ಟಿವಿ ಇನ್ನೂ ಮನೆಮನೆಗೆ ಬಂದಿರಲಿಲ್ಲ. 1985-86ರ ಹೊತ್ತಿಗೆ ಆ ಸಂಖ್ಯೆ 1 ಕೋಟಿ 65 ಲಕ್ಷದ ಆಸುಪಾಸಿಗೆ ಇಳಿಯಿತು. ಹಾಗಾದರೆ ಆಟ ಕೆಟ್ಟಿತ್ತಾ? 1977ರಿಂದ 1984ರವರೆಗಿನ ಎಂಟು ವರ್ಷಗಳಲ್ಲಿ ಏಳು ಸಲ ಅಲ್ಲಿಯ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದವು ಇಂಗ್ಲೆಂಡಿನ ಕ್ಲಬ್‌ಗಳು. ಅಂದರೆ ಯುರೋಪಿನಲ್ಲೇ ಒಳ್ಳೆಯ ತಂಡಗಳು ಅಲ್ಲಿದ್ದ ಕಾಲದಲ್ಲೇ ಅಲ್ಲಿಯ ಗ್ಯಾಲರಿಗಳು ಖಾಲಿಯಾದವು.

ಮಂದಿ ಹೆದರಿದ್ದರು. ಗ್ಯಾಲರಿಯಲ್ಲಿ ಹೊಡೆದಾಟ ಸಾಮಾನ್ಯವಾಗಿತ್ತು. 1985ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್‌ನ ಕಟ್ಟಿಗೆಯ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತರು. ಅದೇ ತಿಂಗಳು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್-ಯುವೆಂಟಸ್ ಫೈನಲ್‌ಗೆ ಮುಂಚೆ 39 ಜನ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಜೀವ ಕಳೆದುಕೊಂಡವರು 97. ಇಂಥ ಕಡೆ ಮಗನ ಕೈಹಿಡಿದುಕೊಂಡು ಯಾವ ಅಪ್ಪ ಹೋಗುತ್ತಾನೆ? 1990ರಲ್ಲಿ ಹಿಲ್ಸ್‌ಬರೋ ದುರಂತದ ತನಿಖೆಯ ಟೇಲರ್ ವರದಿ ಬಂತು, ದೊಡ್ಡ ಕ್ಲಬ್‌ಗಳು ಎಲ್ಲರಿಗೂ ಕುರ್ಚಿ ಹಾಕಬೇಕಾಯಿತು, ಜನ ಮರಳಿದರು. ಈಗ ಪ್ರೀಮಿಯರ್ ಲೀಗ್ ಪಂದ್ಯಕ್ಕೆ ಸರಾಸರಿ 40 ಸಾವಿರದ ಆಸುಪಾಸು ಮಂದಿ ಬರುತ್ತಾರೆ.

ಇದು ದೂರದ ಕತೆ ಅಂತ ಬಿಡುವ ಹಾಗಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಅದು ಪಂದ್ಯವೂ ಅಲ್ಲ, ಗೆಲುವಿನ ಸಂಭ್ರಮ. ಆಮೇಲೆ ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗರಿಗೆ ತಾಯಂದಿರ ಒಂದೇ ಮಾತು: "ಮನ್ಯಾಗ ಕುಂತು ಟಿವಿಯೊಳಗ ನೋಡು." ಆ ತಾಯಂದಿರಿಗೆ ಆಟ ಬೇಜಾರಾಗಿ ಹಾಗೆ ಹೇಳಿದ್ದಾ?

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಇಟಲಿಯಲ್ಲಿ. ತೊಂಬತ್ತರ ದಶಕದ ಶುರುವಿನಲ್ಲಿ ಇಟಲಿಯ ಸೀರಿ ಎ ಜಗತ್ತಿನ ದೊಡ್ಡ ಲೀಗ್. ಪ್ರತಿ ಪಂದ್ಯಕ್ಕೆ ಸರಾಸರಿ 34 ಸಾವಿರದಷ್ಟು ಜನ. ಆಗ ಡಿಫೆನ್ಸ್‌ಗೆ ಹೆಸರಾದ ಲೀಗ್ ಅದು, 1-0 ಪಂದ್ಯಗಳಿಗೆ ಬರವಿರಲಿಲ್ಲ. ಆದರೂ ಗ್ಯಾಲರಿ ತುಂಬುತ್ತಿತ್ತು. 2006ರ ಜುಲೈನಲ್ಲಿ ಇಟಲಿ ವಿಶ್ವಕಪ್ ಗೆದ್ದಿತು. 2007ರ ಮೇನಲ್ಲಿ ಅಲ್ಲಿಯ ಮಿಲಾನ್ ಕ್ಲಬ್ ಚಾಂಪಿಯನ್ಸ್ ಲೀಗ್ ಗೆದ್ದಿತು. ಇವೆರಡರ ನಡುವಿನ ಹಂಗಾಮಿನಲ್ಲಿ ಸೀರಿ ಎ ಸರಾಸರಿ 19 ಸಾವಿರಕ್ಕಿಂತ ಕೆಳಗೆ ಬಿತ್ತು! ದೇಶ ವಿಶ್ವ ಚಾಂಪಿಯನ್, ಊರಿನ ಗ್ಯಾಲರಿ ಖಾಲಿ.

ಯಾಕೆ? ರೆಫರಿಗಳ ನೇಮಕದ ಮೇಲೆ ಕ್ಲಬ್‌ನವರು ಪ್ರಭಾವ ಬೀರಿದ ಹಗರಣ 2006ರಲ್ಲಿ ಹೊರಬಂತು, ಯುವೆಂಟಸ್‌ನಂಥ ತಂಡವನ್ನು ಕೆಳಗಿನ ಡಿವಿಷನ್‌ಗೆ ತಳ್ಳಿದರು. ಫಲಿತಾಂಶ ಮೊದಲೇ ನಿರ್ಧಾರ ಆಗಿರುತ್ತದೆ ಅಂತ ಅನುಮಾನ ಬಂದ ಮೇಲೆ ಯಾರು ನಂಬಿ ಕೂಗುತ್ತಾರೆ? 2007ರ ಫೆಬ್ರವರಿಯಲ್ಲಿ ಕಟಾನಿಯಾದ ಗಲಭೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಸತ್ತರು, ಸುರಕ್ಷತೆ ಇಲ್ಲದ ಕ್ರೀಡಾಂಗಣಗಳಿಗೆ ಪ್ರೇಕ್ಷಕರನ್ನು ಬಿಡುವುದನ್ನೇ ನಿಲ್ಲಿಸಿದರು. ಇದರ ಜೊತೆಗೆ ಇನ್ನೊಂದು ಕಾರಣ ಇತ್ತು. ಅದು ಕಲ್ಲು-ಸಿಮೆಂಟಿನದು.

1990ರ ವಿಶ್ವಕಪ್‌ಗೆಂದು ಟ್ಯೂರಿನ್‌ನಲ್ಲಿ ಡೆಲ್ಲೆ ಆಲ್ಪಿ ಎಂಬ ದೊಡ್ಡ ಕ್ರೀಡಾಂಗಣ ಕಟ್ಟಿದರು. ಸುಮಾರು 70 ಸಾವಿರ ಜನ ಹಿಡಿಯುತ್ತಿತ್ತು. ಮೈದಾನದ ಸುತ್ತ ಓಟದ ಟ್ರ್ಯಾಕ್. ಹೀಗಾಗಿ ಗ್ಯಾಲರಿಗೂ ಗೋಲಿಗೂ ಬಹಳ ದೂರ. ಚಳಿ, ಮಂಜು ಇದ್ದರೆ ಚೆಂಡೇ ಕಾಣುವುದು ಕಷ್ಟ. ಇಟಲಿಯ ಜನಪ್ರಿಯ ತಂಡ ಯುವೆಂಟಸ್ ಅಲ್ಲಿ ಆಡಿದ ಒಂದು ಕೊಪ್ಪಾ ಇಟಾಲಿಯಾ (ಇಟಲಿಯ ಕ್ಲಬ್‌ಗಳ ಕಪ್ ಟೂರ್ನಿ) ಪಂದ್ಯಕ್ಕೆ ಬಂದವರು 237 ಜನ. ಹೌದು, ಇನ್ನೂರ ಮೂವತ್ತೇಳು. ನಮ್ಮ ಕಡೆ ಒಂದು ಸೀಮಂತಕ್ಕೂ ಅದಕ್ಕಿಂತ ಜಾಸ್ತಿ ಮಂದಿ ಸೇರುತ್ತಾರೆ. ಕೊನೆಗೆ ಅದನ್ನು ಕೆಡವಿ ಅದೇ ಜಾಗದಲ್ಲಿ ಟ್ರ್ಯಾಕ್ ಇಲ್ಲದ, ಸುಮಾರು 41 ಸಾವಿರ ಜನರ ಹೊಸ ಕ್ರೀಡಾಂಗಣ ಕಟ್ಟಿದರು. 2011ರಲ್ಲಿ ಅದು ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತವರಿಗೆ ಆಟಗಾರನ ಉಸಿರು ಕೇಳುವಷ್ಟು ಹತ್ತಿರ. ಅದು ತುಂಬಿತು. ಕ್ರೀಡಾಂಗಣ ಚಿಕ್ಕದು ಮಾಡಿದ ಮೇಲೆ ಮಂದಿ ಜಾಸ್ತಿಯಾದರು.

ನಮ್ಮಲ್ಲಿ ಯಾರಿಗೂ ಇದು ತಲೆಗೆ ಹೋದಂತಿಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್‌ಗೂ ಟ್ರ್ಯಾಕ್ ಇದೆ, ಬೆಂಗಳೂರಿನ ಕಂಠೀರವಕ್ಕೂ ಇದೆ. ಅಥ್ಲೀಟ್‌ಗಳಿಗೆ ಟ್ರ್ಯಾಕ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅಂಥ ಕಡೆ ಹತ್ತು ಸಾವಿರ ಜನ ಬಂದರೂ ಚದುರಿದ ಸಂತೆಯ ಹಾಗೆ ಕಾಣುತ್ತದೆ. ಕೂಗು ಮೇಲೆ ಹೋಗಿ ಗಾಳಿಯಲ್ಲಿ ಕರಗುತ್ತದೆ. ಅದೇ ಹತ್ತು ಸಾವಿರ ಜನ ಹನ್ನೆರಡು ಸಾವಿರದ ಮೈದಾನದಲ್ಲಿ ಒತ್ತಿಕೊಂಡು ಕೂತಿದ್ದರೆ ಟಿವಿಯಲ್ಲಿ ನೋಡುವವನಿಗೂ ಮೈ ಝುಂ ಅನ್ನುತ್ತದೆ.

ಕೊರೊನಾ ಕಾಲದಲ್ಲಿ ಇದನ್ನು ಇಡೀ ಜಗತ್ತು ಕಣ್ಣಾರೆ ನೋಡಿತು. 2020ರಲ್ಲಿ ಖಾಲಿ ಗ್ಯಾಲರಿಗಳ ಮುಂದೆ ಆಟ ಶುರುವಾದಾಗ ಆಟಗಾರರು ಅವರೇ. ಪಾಸು, ಗೋಲು ಎಲ್ಲ ಅವೇ. ಆದರೆ ನೋಡೋಕೆ ಆಗುತ್ತಿರಲಿಲ್ಲ, ಪ್ರಾಕ್ಟೀಸ್ ನೋಡಿದ ಹಾಗೆ ಇರುತ್ತಿತ್ತು. ಟಿವಿಯವರು ಹಳೆಯ ಪಂದ್ಯಗಳ ಗದ್ದಲ ರೆಕಾರ್ಡ್ ಹಾಕಿ ಕೇಳಿಸಿದರು. ದುಡ್ಡು ಕೊಟ್ಟು ಪ್ರಸಾರದ ಹಕ್ಕು ಕೊಂಡವರಿಗೇ ಗೊತ್ತಾಯಿತು, ತಾವು ಕೊಂಡಿದ್ದರಲ್ಲಿ ಅರ್ಧ ಆ ಗದ್ದಲವೇ ಅಂತ. ಆ ಎರಡು ಹಂಗಾಮು ನಮ್ಮ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು, ನಮಗೆ ಇಷ್ಟು ಹತ್ತಿರ, ಆದರೆ 2022ರ ಫೈನಲ್ ಬಿಟ್ಟರೆ ಬಾಗಿಲು ಮುಚ್ಚಿತ್ತು.

ಹಾಗಂತ ಆಟದೊಳಗಿನ ಬೇಜಾರು ಸುಳ್ಳು ಅಂತ ನಾನು ಹೇಳುವುದಿಲ್ಲ. ಆಟ ನಡೆಸುವವರೇ ಅದನ್ನು ಒಪ್ಪಿ ನಿಯಮ ಬದಲಿಸಿದ್ದಾರೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲ ಮಾಡಿದರು. ಮೊದಲು ಪಾಸ್ ಪಡೆಯುವ ಫಾರ್ವರ್ಡ್ ಆಟಗಾರನ ಮುಂದೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕಿತ್ತು, ಅದು ಇಬ್ಬರಿಗೆ ಇಳಿಯಿತು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಏರಿದವು. 1990ರ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲು, ಬಹಳ ಕಡಿಮೆ. ಮುನ್ನಡೆ ಸಿಕ್ಕ ತಂಡ ಚೆಂಡನ್ನು ತನ್ನ ಗೋಲಿಗೆ, ಅಂದರೆ ಗೋಲ್‌ಕೀಪರ್‌ಗೆ, ಹಿಂದಕ್ಕೆ ಕೊಡುತ್ತಿತ್ತು, ಅವನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ, ಹೊತ್ತು ಹೋಗುತ್ತಿತ್ತು. 1992ರಲ್ಲಿ ಅದನ್ನು ನಿಷೇಧಿಸಿದರು, ತನ್ನವನು ಕಾಲಲ್ಲಿ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ. ನನ್ನ ಲೆಕ್ಕದಲ್ಲಿ ಆಟಕ್ಕೆ ಹೊಸ ಜೀವ ಕೊಟ್ಟ ನಿಯಮ ಅದು. 2025ರಿಂದ ಗೋಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಚೆಂಡು ಹಿಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ.

ಆದರೆ ಇಲ್ಲೊಂದು ವಿಷಯ ಗಮನಿಸಿ. 1981ರಲ್ಲಿ ಇಂಗ್ಲೆಂಡ್ ಗೆಲುವಿಗೆ ಎರಡರ ಬದಲು ಮೂರು ಪಾಯಿಂಟ್ ಕೊಡೋಕೆ ಶುರು ಮಾಡಿತು. ಡ್ರಾಗೆ ಆಡೋದು ನಿಲ್ಲಲಿ, ಆಟ ಚುರುಕಾಗಲಿ, ಜನ ಬರಲಿ ಅಂತ. ನಿಯಮ ಒಳ್ಳೆಯದೇ, ಇಡೀ ಜಗತ್ತು ಒಪ್ಪಿಕೊಂಡಿತು. ಆದರೆ ಜನ ಬರಲಿಲ್ಲ. ಮುಂದಿನ ನಾಲ್ಕೈದು ವರ್ಷ ಸಂಖ್ಯೆ ಇಳಿಯುತ್ತಲೇ ಹೋಯಿತು. ಒಳಗಿನ ಆಟ ಸುಧಾರಿಸಿತು, ಹೊರಗಿನ ಕಾರಣ ಹಾಗೇ ಉಳಿದಿತ್ತು.

ಇನ್ನು ಮೊಬೈಲ್ ಮಾತು. ನನ್ನ ಅಕ್ಕನ ಮಗ ಎಂಬಾಪೆಯ ಪ್ರತಿ ಗೋಲು ಬಾಯಿಪಾಠ ಹೇಳುತ್ತಾನೆ, ಆದರೆ ಒಂದು ಪಂದ್ಯ ಪೂರ್ತಿ ಕೂತು ನೋಡಿಲ್ಲ. ಮೂವತ್ತು ಸೆಕೆಂಡಿನ ತುಣುಕು ನೋಡಿ ಬೆಳೆದ ಕಣ್ಣಿಗೆ ತೊಂಬತ್ತು ನಿಮಿಷ ಉದ್ದ ಅನಿಸುತ್ತದೆ, ಅದರಲ್ಲೂ ಚೆಂಡು ನಿಜವಾಗಿ ಓಡಾಡುವುದು ಒಂದು ಗಂಟೆಗಿಂತ ಕಡಿಮೆ ಹೊತ್ತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಹುಡುಗ ನಮ್ಮ ಓಣಿಯ ತಂಡದ ಪಂದ್ಯಕ್ಕೆ ಬಂದರೆ ಪೂರ್ತಿ ಹೊತ್ತು ನಿಂತೇ ಇರುತ್ತಾನೆ. ಅಲ್ಲಿ ಆಡುವವರು ಅವನ ಅಣ್ಣಂದಿರು.

ದುಡ್ಡಿನ ಕಡೆ ಬರೋಣ. ಗ್ಯಾಲರಿ ಖಾಲಿಯಾದರೂ ಕ್ಲಬ್‌ನವರು ಯಾಕೆ ಸುಮ್ಮನಿರುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. 2023-24ರಲ್ಲಿ ಜಗತ್ತಿನ 20 ಶ್ರೀಮಂತ ಕ್ಲಬ್‌ಗಳ ಆದಾಯದಲ್ಲಿ ಪಂದ್ಯದ ದಿನದ ಗಳಿಕೆ, ಅಂದರೆ ಟಿಕೆಟ್, ತಿಂಡಿ ಎಲ್ಲ ಸೇರಿ, ನೂರಕ್ಕೆ 18ರಷ್ಟು ಮಾತ್ರ. ಉಳಿದದ್ದು ಟಿವಿ ಮತ್ತು ಜಾಹೀರಾತಿನಂಥ ವ್ಯಾಪಾರದ್ದು. ಆದಾಯದ ದೊಡ್ಡ ಪಾಲು ಟಿವಿಯಿಂದ ಬಂದಾಗ ಪಂದ್ಯದ ಹೊತ್ತನ್ನೂ ಟಿವಿಯೇ ನಿರ್ಧರಿಸುತ್ತದೆ. ಏಳೂವರೆಗೆ ಶುರುವಾದ ಪಂದ್ಯ ಮುಗಿಸಿ ನಾವು ಬೆಂಚಿನ ಮೇಲೆ ಮಲಗಿದ್ದು ಅದಕ್ಕೇ.

ಟಿಕೆಟ್ಟಿನ ಬೆಲೆಯಲ್ಲೂ ದೊಡ್ಡವರು ತಪ್ಪು ಮಾಡುತ್ತಾರೆ. 2025ರಲ್ಲಿ ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ ನಡೆಯಿತು. ಬೇಡಿಕೆ ನೋಡಿ ಬೆಲೆ ಏರಿಸುವ, ಇಳಿಸುವ ಪದ್ಧತಿ ತಂದರು, ವಿಮಾನದ ಟಿಕೆಟ್ಟಿನ ಹಾಗೆ. ಚೆಲ್ಸಿ-ಫ್ಲುಮಿನೆನ್ಸ್ ಸೆಮಿಫೈನಲ್‌ಗೆ 473.90 ಡಾಲರ್ ಇದ್ದ ಟಿಕೆಟ್ ಪಂದ್ಯ ಹತ್ತಿರ ಬಂದಾಗ 13.40 ಡಾಲರ್‌ಗೆ ಬಂತು! ಮೊದಲೇ ಪ್ರೀತಿಯಿಂದ ಕೊಂಡವನಿಗೆ ಹೇಗನಿಸಿರಬೇಡ? ಅದೇ ಟೂರ್ನಿಯಲ್ಲಿ ಮಮೆಲೋಡಿ ಸನ್‌ಡೌನ್ಸ್ ಮತ್ತು ಉಲ್ಸಾನ್ ಪಂದ್ಯಕ್ಕೆ ಬಂದವರು 3,412 ಜನ.

ಜನ ಸುಮ್ನೆ ಕೂರದ ಉದಾಹರಣೆಯೂ ಇದೆ. 2016ರಲ್ಲಿ ಲಿವರ್‌ಪೂಲ್ ಹೊಸ ಗ್ಯಾಲರಿಯ ತುಟ್ಟಿ ಟಿಕೆಟ್‌ಗೆ 77 ಪೌಂಡ್ ಇಡುತ್ತೇವೆ ಅಂದಾಗ, ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಅಭಿಮಾನಿಗಳು ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಪಂದ್ಯ ಮುಗಿದಾಗ 2-2. ಮಾಲೀಕರು ಕ್ಷಮೆ ಕೇಳಿ ಬೆಲೆ ಏರಿಕೆ ಕೈಬಿಟ್ಟರು. ಗ್ಯಾಲರಿ ಎದ್ದುಹೋದರೆ ಆಟಕ್ಕೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಈಗ ನಮ್ಮ ದೇಶ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಎಂಟು ತಂಡ, ಎರಡೂವರೆ ತಿಂಗಳು. ಡೆಲ್ ಪಿಯೆರೊ, ಪಿರೆಸ್, ಅನೆಲ್ಕಾ, ಮಟೆರಾಜಿಯಂಥ ವಿದೇಶಿ ತಾರೆಯರ ಹೆಸರುಗಳು. ಪಂದ್ಯಕ್ಕೆ ಸರಾಸರಿ 24 ಸಾವಿರದ ಮೇಲೆ ಜನ ಬಂದರು, ಜಗತ್ತೇ ತಿರುಗಿ ನೋಡಿತು. ಐದನೇ ಹಂಗಾಮಿನ ಹೊತ್ತಿಗೆ ಅದು ಸುಮಾರು 13 ಸಾವಿರ. ಇದರಲ್ಲಿ ಒಂದಷ್ಟು ಬರೇ ಲೆಕ್ಕದ ಆಟ. ಪಂದ್ಯ ಜಾಸ್ತಿಯಾದರೆ ಸರಾಸರಿ ಇಳಿಯುತ್ತದೆ. ಕೋಲ್ಕತ್ತದ ತಂಡ 2016ರಲ್ಲಿ ಸಾಲ್ಟ್ ಲೇಕ್ ರಿಪೇರಿಯಿಂದಾಗಿ ಚಿಕ್ಕ ಮೈದಾನಕ್ಕೆ ಹೋಗಿತ್ತು. ಆದರೆ ಉಳಿದ ಇಳಿಕೆ ನಿಜ. ಡೆಲ್ ಪಿಯೆರೊ ನೋಡೋಕೆ ಬಂದವರು ಡೆಲ್ ಪಿಯೆರೊ ಹೋದ ಮೇಲೆ ಬರುತ್ತಾರಾ?

ಆ ಹೊತ್ತಿಗೆ ಹಳೆಯ ಕ್ಲಬ್‌ಗಳ ಗತಿ ಏನಾಯಿತು ನೋಡಿ. ಗೋವಾದ ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಕ್ಲಬ್. 2016ರಲ್ಲಿ ಡೆಂಪೊ, ಸಲ್ಗಾವ್ಕರ್, ಸ್ಪೋರ್ಟಿಂಗ್ ಮೂರೂ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಹೊರನಡೆದವು. ಹೊಸ ವ್ಯವಸ್ಥೆಯಲ್ಲಿ ತಮಗೆ ಜಾಗ ಇಲ್ಲ ಅನ್ನುವುದು ಅವರ ದೂರು. ಐಎಸ್‌ಎಲ್‌ನಲ್ಲಿ ಕೊನೆಗೆ ಬಂದ ತಂಡ ಕೆಳಗಿಳಿಯುವ ಭಯವೂ ಇರಲಿಲ್ಲ. ಕಳೆದುಕೊಳ್ಳೋಕೆ ಏನೂ ಇಲ್ಲದ ಪಂದ್ಯವನ್ನು ನಾನು ಎದೆ ಹಿಡಿದುಕೊಂಡು ಯಾಕೆ ನೋಡಬೇಕು?

2025ರಲ್ಲಿ ಎಲ್ಲ ಒಟ್ಟಿಗೆ ಕುಸಿಯಿತು. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಮುಗಿಯುತ್ತ ಬಂತು, ಜುಲೈನಲ್ಲಿ ಹೊಸ ಹಂಗಾಮು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ನವೆಂಬರ್‌ನಲ್ಲಿ ಲೀಗ್‌ನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. ಅದೇ ತಿಂಗಳು ಭಾರತ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 1-0 ಸೋತಿತು. 2027ರ ಏಷ್ಯಾ ಕಪ್‌ಗೆ ಅರ್ಹತೆ ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲೇ ತಪ್ಪಿತ್ತು. ಡಿಸೆಂಬರ್ 13ರಂದು ಮೆಸ್ಸಿ ಸಾಲ್ಟ್ ಲೇಕ್‌ಗೆ ಬಂದರು. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡ ಮಂದಿಗೆ ಮೆಸ್ಸಿ ಸರಿಯಾಗಿ ಕಾಣಲೇ ಇಲ್ಲ, ಸುತ್ತ ಗಣ್ಯರ ಗುಂಪು. ಸಿಟ್ಟಿನಲ್ಲಿ ಕುರ್ಚಿ ಕಿತ್ತು ಎಸೆದರು. ಕುರ್ಚಿ ಮುರಿದದ್ದು ತಪ್ಪು. ಆದರೆ ಫುಟ್ಬಾಲ್‌ಗೆ ದುಡ್ಡು ಕೊಡುವ ಜನ ನಮ್ಮಲ್ಲಿಲ್ಲ ಅಂತ ಇನ್ನು ಯಾರೂ ಹೇಳಬಾರದು. ದುಡ್ಡೂ ಇದೆ, ಆಸೆಯೂ ಇದೆ. ಅದನ್ನು ಇಟ್ಟುಕೊಂಡು ಹೋಗಲು ನಂಬುವಂಥ ಬಾಗಿಲು ಇಲ್ಲ.

ಕೇರಳದಲ್ಲಿ ಆ ಬಾಗಿಲು ಇದೆ. ಮಲಬಾರಿನ ಸೆವೆನ್ಸ್ ಟೂರ್ನಿಗಳನ್ನು ನೋಡಿ. ಏಳೇಳು ಜನರ ತಂಡ, ಅಡಿಕೆ ಮರ, ಬಿದಿರಿನ ತಾತ್ಕಾಲಿಕ ಗ್ಯಾಲರಿ, ಟಿಕೆಟ್ ಇಟ್ಟೇ ನಡೆಸುತ್ತಾರೆ, ಎಷ್ಟೋ ಕಡೆ ಉಳಿದ ಹಣ ಊರಿನ ಬಡ ರೋಗಿಗಳಿಗೆ ಹೋಗುತ್ತದೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ 2022ರ ಫೈನಲ್‌ಗೆ ಮಲಪ್ಪುರಂ ಜಿಲ್ಲೆಯ ಮಂಜೇರಿ ಮೈದಾನ ತುಂಬಿ ತುಳುಕಿತ್ತು. 2024ರಲ್ಲಿ ಶುರುವಾದ ಸೂಪರ್ ಲೀಗ್ ಕೇರಳದಲ್ಲಿ ಆರೇ ತಂಡ. ದೊಡ್ಡ ತಾರೆಯರಿಲ್ಲ. ಆದರೆ ತಂಡಗಳ ಹೆಸರು ಕಲ್ಲಿಕೋಟೆ, ಮಲಪ್ಪುರಂ, ಕಣ್ಣೂರು, ತ್ರಿಶೂರ್. ಕಲ್ಲಿಕೋಟೆಯಲ್ಲಿ ನಡೆದ ಮೊದಲ ಫೈನಲ್‌ಗೆ 35 ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಅದೇ ವರ್ಷದ ಕೊನೆಗೆ ಐಎಸ್‌ಎಲ್ ಕ್ಲಬ್ ಕೇರಳ ಬ್ಲಾಸ್ಟರ್ಸ್‌ನ ಅಭಿಮಾನಿ ಬಳಗ ಮಂಜಪ್ಪಡ, ಕ್ಲಬ್ ನಡೆಸುವ ರೀತಿಗೆ ಬೇಸತ್ತು ಟಿಕೆಟ್ ಪಡೆಯುವುದನ್ನೇ ನಿಲ್ಲಿಸಿತು. ಒಂದೇ ರಾಜ್ಯ, ಒಂದೇ ಜನ. ಆಟಕ್ಕೆ ಬರುವುದು, ಬಿಡುವುದು ಅವರು ಯೋಚಿಸಿ ಮಾಡಿದ ನಿರ್ಧಾರ.

ನಮ್ಮದು ನೆನೆದರೆ ಹೊಟ್ಟೆ ಉರಿಯುತ್ತದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯ ವಿರುದ್ಧ 3-2. ಎಂಥ ಪಂದ್ಯ! ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅದರ ನಾಲ್ಕು ತಿಂಗಳಿಗೆ ದಕ್ಷಿಣ ಏಷ್ಯಾ ದೇಶಗಳ ಟೂರ್ನಿ ಸ್ಯಾಫ್‌ನ ಫೈನಲ್ ಬೆಂಗಳೂರಿನಲ್ಲಿ ನಡೆದಾಗ ಕಂಠೀರವ ತುಂಬಿತ್ತು. ಅಂದರೆ ಈ ರಾಜ್ಯದಲ್ಲಿ ಮಂದಿ ಇದ್ದಾರೆ. ತಮ್ಮ ತಂಡದ ಅರ್ಧ ಶತಮಾನದ ಗೆಲುವನ್ನು ಅವರ ಕಣ್ಣ ಮುಂದೆ ಯಾರೂ ಇಡಲಿಲ್ಲ.

ಕ್ರಿಕೆಟ್‌ನಲ್ಲೂ ಹಾಗೇ. ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು, ಹೆಸರು ಹುಬ್ಬಳ್ಳಿಯದು, ಪಂದ್ಯಗಳೆಲ್ಲ ಬೆಂಗಳೂರಿನಲ್ಲಿ. ಮುಂಚೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕಾಲದಲ್ಲಿ ನಮ್ಮ ರಾಜನಗರದ ಮೈದಾನದಲ್ಲಿ ಪಂದ್ಯ ಇದ್ದಾಗ ಆ ರಸ್ತೆಯ ಚಹಾ ಅಂಗಡಿಗಳ ಗದ್ದಲವೇ ಬೇರೆ ಇರುತ್ತಿತ್ತು.

ನಮ್ಮ ಜನಕ್ಕೆ ಹೊರಗೆ ಬಂದು ನೋಡುವ ಗುಣವೇ ಹೋಗಿದೆ ಅನ್ನುವವರು ದೀಪಾವಳಿ ಆದಮೇಲೆ ಹಾವೇರಿ ಕಡೆ ಹೋಗಿ ಬರಲಿ. ಹೋರಿ ಹಬ್ಬಕ್ಕೆ ಬಿಸಿಲಲ್ಲಿ, ಮನೆ ಮಾಳಿಗೆ ಮೇಲೆ, ಟ್ರ್ಯಾಕ್ಟರ್ ಮೇಲೆ ಸಾವಿರಾರು ಮಂದಿ ನಿಂತಿರುತ್ತಾರೆ. ಒಂದು ಹೋರಿ ಓಡಿಹೋಗುವುದು ಕೆಲವೇ ಸೆಕೆಂಡು. ಆದರೆ ಅದಕ್ಕೊಂದು ಹೆಸರಿದೆ, ಊರಿದೆ, ಕೊರಳಿನ ಕೊಬ್ಬರಿ ಸರ ಯಾರ ಕೈಗೂ ಕೊಡದೆ ಓಡಿದ ಹಿಂದಿನ ವರ್ಷದ ಕತೆ ಇದೆ. ಅಲ್ಲೂ ಜೀವಕ್ಕೆ ಅಪಾಯ ಆಗಿದೆ, ಅದನ್ನು ಮರೆಯಬಾರದು. ನಾನು ಹೇಳುತ್ತಿರುವುದು ಆ ಹೆಸರಿನ ಬಗ್ಗೆ. ಯಾವ ಓಣಿಯವನು ಆಡುತ್ತಿದ್ದಾನೆ ಅಂತ ಗೊತ್ತಿದ್ದರೆ 0-0 ಪಂದ್ಯವೂ ಉದ್ದ ಅನಿಸುವುದಿಲ್ಲ.

ಗದಗಿನವರಿಗೆ ಟಿಕೆಟ್ಟಿನ ಅರ್ಥ ನಾವು ಕಲಿಸಬೇಕಿಲ್ಲ. ಪಂಚಾಕ್ಷರ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಖರ್ಚಿಗೆ ನೆರವಾಗಲಿ ಅಂತ ನಾಟಕ ಕಂಪನಿ ಕಟ್ಟಿದರು. ಟಿಕೆಟ್ ಕೊಂಡವರಿಗೆ ತಮ್ಮ ದುಡ್ಡು ಎಲ್ಲಿ ಹೋಗುತ್ತದೆ ಅಂತ ಗೊತ್ತಿತ್ತು. ಆಶ್ರಮದ ಅಂಧ ಮಕ್ಕಳ ಊಟಕ್ಕೆ, ಸಂಗೀತಕ್ಕೆ. ನಾಟಕ ಒಂದು ದಿನ ಸ್ವಲ್ಪ ಸಪ್ಪೆಯಾದರೂ ಅವರು ಮರುದಿನ ಬರುತ್ತಿದ್ದರು ಅಂತ ನಾನು ನಂಬುತ್ತೇನೆ. ಈಗ ಫುಟ್ಬಾಲ್ ಟಿಕೆಟ್ ಕೊಂಡವನಿಗೆ ಆ ದುಡ್ಡು ಎಲ್ಲಿ ಹೋಗುತ್ತದೆ ಅಂತ ಯಾರು ಹೇಳುತ್ತಾರೆ?

ಇನ್ನೊಂದು ಮಾತು, ಇದು ನನಗೆ ಬಹಳ ಚುಚ್ಚುತ್ತದೆ. ಬೇರೆ ಊರಿನ ಒಂದು ಪಂದ್ಯಕ್ಕೆ ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ನೀರಿನ ಬಾಟಲಿ ಗೇಟಿನಲ್ಲೇ ಇಸಿದುಕೊಂಡರು. ಒಳಗೆ ಕುಡಿಯುವ ನೀರಿಗೆ ಉದ್ದ ಸಾಲು. ನಮ್ಮ ಗ್ಯಾಲರಿ ಕಡೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ. ಹಾಫ್ ಟೈಮ್‌ಗೆ ಎದ್ದು ಬಂದೆವು. ಅವಳು ಮತ್ತೆ ಯಾವ ಪಂದ್ಯಕ್ಕೂ ಬಂದಿಲ್ಲ. ಆಟ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತಾಳೆ. ಮನೆಯ ಹೆಣ್ಣುಮಕ್ಕಳು ಬರೋಕೆ ಆಗದ ಕಡೆ ಅರ್ಧ ಊರು ಮೊದಲೇ ಹೊರಗೆ ಉಳಿಯಿತು.

ಕೋಲ್ಕತ್ತದ ಕಡೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಗದಗ, ಹುಬ್ಬಳ್ಳಿ, ಧಾರವಾಡದ ಮೇಲೇ ಹೋಗುತ್ತದೆ. ದೇಶದ ಎರಡು ದೊಡ್ಡ ಫುಟ್ಬಾಲ್ ಊರುಗಳ ನಡುವಿನ ದಾರಿ. ಕಂಠೀರವ ನಮಗೆ 400 ಕಿಲೋಮೀಟರ್, ಫಟೋರ್ಡಾ ಅದರ ಅರ್ಧಕ್ಕಿಂತ ಕಡಿಮೆ. ಬೆಳಗಾವಿ ಪಕ್ಕದಲ್ಲೇ ಇದೆ. ಇಷ್ಟಿದ್ದೂ ಕೂತು ನೋಡುವಂಥ ನಮ್ಮದೊಂದು ಲೀಗ್ ಇಲ್ಲ.

ನನ್ನ ಆಸೆ ಚಿಕ್ಕದು. ಕೇರಳದ ಹಾಗೆ ಊರಿನ ಹೆಸರಿನ ಎಂಟು ತಂಡದ ರಾಜ್ಯ ಲೀಗ್ ಆಗಲಿ, ಹುಬ್ಬಳ್ಳಿ-ಧಾರವಾಡಕ್ಕೆ ಒಂದು ತಂಡ ಇರಲಿ, ಪಂದ್ಯ ಹುಬ್ಬಳ್ಳಿ-ಧಾರವಾಡದಲ್ಲೇ ಆಗಲಿ. ಶನಿವಾರ, ಭಾನುವಾರ ಸಂಜೆ ನಾಲ್ಕೂವರೆಗೆ ಶುರುವಾದರೆ ಆರೂವರೆಗೆ ಮುಗಿಯುತ್ತದೆ, ಚಿಗರಿ ಬಸ್ ಹತ್ತಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಕೂರೋಕೆ ಎರಡು ಸಾವಿರ ಜಾಗ ಸಾಕು, ಆದರೆ ಗೆರೆಗೆ ಹತ್ತಿರ ಇರಲಿ. ಲೆಕ್ಕ ಹೀಗಿದೆ: ಟಿಕೆಟ್ 30 ರೂಪಾಯಿ, ಸಾವಿರ ಜನ ಬಂದರೆ ಪಂದ್ಯಕ್ಕೆ 30 ಸಾವಿರ, ತವರಿನ ಏಳು ಪಂದ್ಯಕ್ಕೆ 2 ಲಕ್ಷ 10 ಸಾವಿರ. ಆಟಗಾರರ ಸಂಬಳಕ್ಕೆ ಇದು ಏನೂ ಸಾಲದು, ಅದಕ್ಕೆ ಬೇರೆ ದಾರಿ ಬೇಕೇ ಬೇಕು. ಆದರೆ ರೆಫರಿಗಳ ಭತ್ಯೆ, ಚೆಂಡು, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ, ಇವಕ್ಕೆ ಒಂದು ಆಧಾರ ಆಗುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಗೇಟಿನ ಪಕ್ಕ ಒಂದು ಹಲಗೆಯ ಮೇಲೆ ಬರೆದು ಹಾಕಬೇಕು. ಮಲಪ್ಪುರಂ ಜಿಲ್ಲೆಯಲ್ಲಿ 2022ರಲ್ಲಿ ಸೆವೆನ್ಸ್ ಪಂದ್ಯದ ತಾತ್ಕಾಲಿಕ ಗ್ಯಾಲರಿ ಕುಸಿದು ಬಹಳ ಜನರಿಗೆ ಪೆಟ್ಟಾಗಿತ್ತು. ಅದಕ್ಕೆ ಮೊದಲ ದುಡ್ಡು ಗ್ಯಾಲರಿಯ ಗಟ್ಟಿತನ ನೋಡಿಸೋಕೆ ಮತ್ತು ಗೇಟಿನ ಹೊರಗೆ ಒಂದು ಆಂಬ್ಯುಲೆನ್ಸ್ ನಿಲ್ಲಿಸೋಕೆ ಹೋಗಲಿ, ಚೆಂಡು ಆಮೇಲೆ ಕೊಳ್ಳೋಣ.